ಕೆಲವು ಗಂಟೆ ನೆನಪು ಹೋದಾಗ ಮಿದುಳಿನ ರಕ್ತದ ಹರಿವು ಬದಲಾಗುತ್ತದೆಯೇ?

ಹೌದು, ಹಲವರಲ್ಲಿ ಬದಲಾಗುತ್ತದೆ. ನೆನಪು ಇದ್ದಕ್ಕಿದ್ದಂತೆ ಕೈಕೊಟ್ಟು, 24 ಗಂಟೆಯೊಳಗೆ ಮರಳುವ ಈ ಸ್ಥಿತಿಗೆ ಟ್ರಾನ್ಸಿಯೆಂಟ್ ಗ್ಲೋಬಲ್ ಅಮ್ನೀಸಿಯಾ ಎನ್ನುತ್ತಾರೆ. 50 ದಾಟಿದವರಲ್ಲೇ ಇದು ಜಾಸ್ತಿ.

"ನಾನ್ಯಾಕೆ ಇಲ್ಲಿದ್ದೀನಿ?" ಅಂತ ಹೀಗಾದವರು ಕೇಳುತ್ತಾರೆ. ಉತ್ತರ ಹೇಳಿದರೆ ತಲೆಯಾಡಿಸುತ್ತಾರೆ. ಎರಡು ನಿಮಿಷಕ್ಕೆ ಮತ್ತೆ ಅದೇ ಪ್ರಶ್ನೆ, ಅದೇ ಧಾಟಿ. ತಮ್ಮ ಹೆಸರು ಗೊತ್ತು, ಮನೆಯವರ ಗುರುತು ಸಿಗುತ್ತದೆ, ಮಾತು ತೊದಲುವುದಿಲ್ಲ. ಹೊಸದು ಮಾತ್ರ ತಲೆಯಲ್ಲಿ ನಿಲ್ಲುವುದಿಲ್ಲ. ನೋಡುವವರಿಗೆ ಕೈಕಾಲೇ ಆಡದಂತಾಗುತ್ತದೆ, ಅಲ್ವಾ?

ಆ ಹೊತ್ತಿನಲ್ಲೇ ರಕ್ತದ ಹರಿವನ್ನು ತೋರಿಸುವ ಸ್ಪೆಕ್ಟ್ ಅಥವಾ ಪೆಟ್ ಸ್ಕ್ಯಾನ್ ಮಾಡಿದಾಗ, ಕಿವಿಯ ಮಟ್ಟದಲ್ಲಿ ಮಿದುಳಿನ ಒಳಭಾಗಕ್ಕೆ ರಕ್ತ ಕಡಿಮೆ ಹರಿಯುವುದು ಹಲವರಲ್ಲಿ ಕಂಡಿದೆ. ಹೊಸ ನೆನಪು ಕಟ್ಟುವ ಹಿಪೊಕ್ಯಾಂಪಸ್ ಇರುವುದು ಅಲ್ಲೇ. ಕೆಲವರಲ್ಲಿ ಮಿದುಳಿನ ನಡುಭಾಗದಲ್ಲಿರುವ ಥಲಾಮಸ್‌ನಲ್ಲೂ ಹರಿವು ತಗ್ಗುತ್ತದೆ. ನೆನಪು ಮರಳಿದ ಮೇಲೆ ಸಾಮಾನ್ಯವಾಗಿ ಹರಿವೂ ಸರಿಹೋಗುತ್ತದೆ. ಎಂಆರ್‌ಐನಲ್ಲಿ ಹಿಪೊಕ್ಯಾಂಪಸ್‌ನೊಳಗೆ ಸಾಸಿವೆ ಕಾಳಿನಷ್ಟು ಚುಕ್ಕೆ ಕಾಣಬಹುದು. ಅದೂ ತಕ್ಷಣವಲ್ಲ, ಒಂದರಿಂದ ಮೂರು ದಿನದ ಬಳಿಕ.

ಆದರೆ ರಕ್ತ ಕಡಿಮೆಯಾಗಿದ್ದಕ್ಕೇ ನೆನಪು ಹೋಯಿತು ಅಂತ ಸುಮ್ನೆ ತೀರ್ಮಾನಿಸಬೇಡಿ. ನರಕೋಶಗಳ ಕೆಲಸ ತಗ್ಗಿದರೆ ಅಲ್ಲಿಗೆ ರಕ್ತವೂ ಕಡಿಮೆ ಹೋಗುತ್ತದೆ. ತಣ್ಣೀರಿಗೆ ಇಳಿಯುವುದು, ಭಾರ ಎತ್ತುವುದು, ಮನಸ್ಸಿಗೆ ಆಘಾತವಾಗುವುದು ಇದಕ್ಕೆ ಮುಂಚೆ ನಡೆದಿರುವುದುಂಟು. ಮೈಗ್ರೇನ್ ಇದ್ದವರಲ್ಲೂ ತುಸು ಹೆಚ್ಚು.

ಸಾಮಾನ್ಯವಾಗಿ ಇದು ತಾನಾಗಿಯೇ ವಾಸಿಯಾಗುತ್ತದೆ. ಹಾಗಂತ ಮನೆಯಲ್ಲೇ ಕಾಯಬೇಡಿ, ದಯವಿಟ್ಟು. ಪಾರ್ಶ್ವವಾಯು, ಫಿಟ್ಸ್ ಕೂಡ ಹೀಗೇ ಶುರುವಾಗಬಹುದು. ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.