76 ವರ್ಷದ ಅಮ್ಮನಿಗೆ ಬೈಪಾಸ್ ಬದಲು ಕೀಲೇಷನ್ ಡ್ರಿಪ್ ಕೊಡಿಸಬಹುದಾ?

ಹೃದಯದ ಮೂರೂ ರಕ್ತನಾಳದಲ್ಲಿ ಬ್ಲಾಕ್, ಬೈಪಾಸ್ ತಡೆದುಕೊಳ್ಳೋದು ಕಷ್ಟ ಅಂತ ಡಾಕ್ಟರ್ ಅಂದಿದ್ದಾರೆ, ಮೂವತ್ತು ಡ್ರಿಪ್ಪಿನ ಪ್ಯಾಕೇಜ್ ಊರಲ್ಲೇ ತಗೊಳ್ಳೋದಾ, ಬೆಂಗಳೂರಿಗೆ ಹೋಗೋದಾ ಅಂತ ಕೇಳಿದ್ದೀರಿ. ಎರಡೂ ಬೇಡ. ನಮ್ಮಪ್ಪನ ವಿಷಯದಲ್ಲಿ ನಾನೂ ಇದನ್ನೇ ಕೇಳಿದ್ದೆ. ಕೇಳಿ, ಕೊಡಿಸಿಯೂ ಬಿಟ್ಟೆ.

ಅಪ್ಪ ತಿಪಟೂರು ಕಡೆ ಮೇಷ್ಟ್ರಾಗಿದ್ದವರು. ಆಗ 78 ವರ್ಷ, 48 ಕೆ.ಜಿ. ತೂಕ. ಹಾರ್ಟ್ ಅಟ್ಯಾಕ್ ಆದ ಮೇಲೆ ಪಂಪಿಂಗ್ 30 ಪರ್ಸೆಂಟಿಗೆ ಇಳಿದಿತ್ತು. ಆಪರೇಷನ್ ಅಂದರೆ ಹೆದರಿಕೆ. ಪರಿಚಯದವರೊಬ್ಬರು ಕೀಲೇಷನ್ (ಔಷಧಿಯಿಂದ ಮೈಯಲ್ಲಿನ ಲೋಹ ಹಿಡಿದು ಹೊರಗೆ ಹಾಕೋ ಚಿಕಿತ್ಸೆ) ಮಾಡೋ ಒಂದು ಕ್ಲಿನಿಕ್ ಹೇಳಿದರು. ಇಡಿಟಿಎ ಅನ್ನೋ ಔಷಧಿ ರಕ್ತನಾಳದಲ್ಲಿ ಕಟ್ಟಿರೋ ಕ್ಯಾಲ್ಸಿಯಂ ಹಿಡಿದು ಮೂತ್ರದಲ್ಲಿ ಹೊರಗೆ ಹಾಕುತ್ತೆ, ಬ್ಲಾಕ್ ಕರಗುತ್ತೆ, ಮೂರು ಗಂಟೆ ಮಲಗಿದ್ದು ಮನೆಗೆ ಹೋಗಬಹುದು ಅಂತ ಅಲ್ಲಿನ ಡಾಕ್ಟರ್ ಅಂದರು. ಅಲ್ಲಿಯವರೆಗೆ ಯಾವ ಡಾಕ್ಟರೂ ನಮ್ಮ ಜೊತೆ ಅಷ್ಟು ಹೊತ್ತು ಕೂತು ಮಾತಾಡಿರಲಿಲ್ಲ. ನಂಬಿಕೆ ಬಂದಿದ್ದು ಅದರಿಂದಲೇ.

ಕಿಡ್ನಿ ಹೇಗಿದೆ ಅಂತ ಕೇಳಿದರು. ಫೈಲಿನಿಂದ ಹಳೇ ರಿಪೋರ್ಟ್ ತೆಗೆದು ತೋರಿಸಿದೆ. ಕಿಡ್ನಿ ರಕ್ತದಿಂದ ಹೊರಗೆ ಹಾಕಬೇಕಾದ ಕಸ ಕ್ರಿಯಾಟಿನಿನ್, ಅದು 1.4 ಇತ್ತು. ಪಕ್ಕದಲ್ಲಿ ನಾರ್ಮಲ್ 1.3ರವರೆಗೆ ಅಂತ ಅಚ್ಚಾಗಿತ್ತು. ‘ಒಂದು ಚೂರು ಜಾಸ್ತಿ ಅಷ್ಟೇ, ವಯಸ್ಸಾಗಿದೆಯಲ್ಲ ಸಾರ್’ ಅಂತ ನಾನೇ ಹೇಳಿದೆ. ಅವರು ತಲೆಯಾಡಿಸಿದರು. ಹೊಸದಾಗಿ ರಕ್ತ ಪರೀಕ್ಷೆ ಮಾಡಿಸಲಿಲ್ಲ. ನಮ್ಮನ್ನು ಮುಳುಗಿಸಿದ್ದು ಇದೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕ್ರಿಯಾಟಿನಿನ್ ಹುಟ್ಟೋದು ಮಾಂಸಖಂಡದಿಂದ. ಅಪ್ಪನ ತೋಳು ಹಿಡಿದರೆ ಮೂಳೆಯೇ ಕೈಗೆ ಸಿಗುತ್ತಿತ್ತು. ಅಂಥವರಲ್ಲಿ ಅದು ಹುಟ್ಟೋದೇ ಕಮ್ಮಿ. ಹಾಗಾಗಿ ಕಿಡ್ನಿ ಸೋತಿದ್ದರೂ ರಿಪೋರ್ಟು ಚೆನ್ನಾಗೇ ಕಾಣುತ್ತೆ. ಕಿಡ್ನಿ ನಿಜಕ್ಕೂ ಎಷ್ಟು ಕೆಲಸ ಮಾಡುತ್ತಿದೆ ಅಂತ ತಿಳಿಯೋಕೆ ಒಂದು ಲೆಕ್ಕ ಇದೆ, ಪೆನ್ನು ತಗೊಳ್ಳಿ. 140ರಲ್ಲಿ ವಯಸ್ಸು ಕಳೆಯಿರಿ, ತೂಕದಿಂದ ಗುಣಿಸಿ. ಕ್ರಿಯಾಟಿನಿನ್ನನ್ನು 72ರಿಂದ ಗುಣಿಸಿ, ಬಂದಿದ್ದರಿಂದ ಮೊದಲಿನದನ್ನು ಭಾಗಿಸಿ. ಹೆಂಗಸರಾದರೆ ಉತ್ತರವನ್ನು 0.85ರಿಂದ ಗುಣಿಸಬೇಕು. ಅಪ್ಪನದು 62 ಗುಣಿಸು 48, ಅಂದರೆ 2976. ಅದನ್ನು 100.8ರಿಂದ ಭಾಗಿಸಿದರೆ 30ಕ್ಕೂ ಸ್ವಲ್ಪ ಕಮ್ಮಿ. ಗಟ್ಟಿಮುಟ್ಟಾದ ಹರೆಯದವರಲ್ಲಿ ಇದು 100ರ ಆಸುಪಾಸು ಇರುತ್ತೆ. ನಾನು ‘ಒಂದು ಚೂರು’ ಅಂದಿದ್ದು ಕಿಡ್ನಿಯ ಹತ್ತಿರಹತ್ತಿರ ಮುಕ್ಕಾಲು ಭಾಗ ಕೆಲಸ ನಿಂತುಹೋಗಿದ್ದನ್ನ. ಇಡಿಟಿಎ ಮೈಯಲ್ಲಿ ಕರಗಿಹೋಗುವ ಔಷಧಿ ಅಲ್ಲ. ಹೆಚ್ಚುಕಮ್ಮಿ ಪೂರ್ತಿ ಕಿಡ್ನಿಯಿಂದಲೇ ಹೊರಗೆ ಹೋಗಬೇಕು. ಹೋಗದೆ ನಿಂತರೆ ಕಿಡ್ನಿಯನ್ನೇ ಕೆಡಿಸುತ್ತೆ.

ಮೊದಲನೇ ಡ್ರಿಪ್ ಅರ್ಧ ಆಗುವಷ್ಟರಲ್ಲಿ ಅಪ್ಪ ಬಾಯಿ ಸುತ್ತ ಉಜ್ಜಿಕೊಳ್ಳೋಕೆ ಶುರು ಮಾಡಿದರು. ‘ತುಟಿ ಜುಮ್ ಅಂತಿದೆ ಕಣೋ, ಬೆರಳು ಎಳ್ಕೊಳ್ತಿದೆ’ ಅಂದರು. ನರ್ಸಮ್ಮ ಡ್ರಿಪ್ ನಿಧಾನ ಮಾಡಿ, ಕೆಲವರಿಗೆ ಹೀಗಾಗುತ್ತೆ ಅಂದರು. ರಕ್ತದಲ್ಲಿ ಕ್ಯಾಲ್ಸಿಯಂ ಕುಸಿಯುವಾಗ ಆಗೋದು ಹೀಗೆಯೇ. ಹೃದಯ ಬಡಿಯೋಕೂ ಅದೇ ಕ್ಯಾಲ್ಸಿಯಂ ಬೇಕು. 2003ರಿಂದ 2005ರ ನಡುವೆ ಅಮೆರಿಕದಲ್ಲಿ ಇಬ್ಬರು ಮಕ್ಕಳು, 53 ವರ್ಷದ ಒಬ್ಬ ಹೆಂಗಸು ಡೈಸೋಡಿಯಂ ಇಡಿಟಿಎ (ಇಡಿಟಿಎಯ ಒಂದು ಬಗೆ) ತಗೊಂಡು, ಕ್ಯಾಲ್ಸಿಯಂ ಬಿದ್ದು, ಹೃದಯ ನಿಂತು ತೀರಿಕೊಂಡರು.

ನಾವು ಇನ್ನೂ ಐದಾರು ಡ್ರಿಪ್ ಕೊಡಿಸಿದೆವು. ಒಂದೊಂದೂ ಅರ್ಧ ಲೀಟರ್ ನೀರು. ಸೋತ ಹೃದಯಕ್ಕೆ ಅದೇ ಭಾರ. ಪಾದ ಊದಿಕೊಂಡಿತು, ಮೂತ್ರ ಕಮ್ಮಿಯಾಯಿತು. ರಾತ್ರಿ ಮಲಗೋಕಾಗದೆ ಗೋಡೆಗೊರಗಿ ಕೂತೇ ಬೆಳಗು ಮಾಡುತ್ತಿದ್ದರು. ಆಸ್ಪತ್ರೆಗೆ ಸೇರಿಸಿದಾಗ ಕ್ರಿಯಾಟಿನಿನ್ 4 ದಾಟಿತ್ತು. ಡಯಾಲಿಸಿಸ್‌ಗೆ ಹಾಕಿದರೆ ಬಿಪಿ ಬಿದ್ದುಹೋಗುತ್ತಿತ್ತು. ಅಪ್ಪ ಉಳಿಯಲಿಲ್ಲ. ಡ್ರಿಪ್ ಇಲ್ಲದಿದ್ದರೂ ಜಾಸ್ತಿ ದಿನ ಇರುತ್ತಿರಲಿಲ್ಲವೋ ಏನೋ. ಆದರೆ ಇದ್ದಷ್ಟು ದಿನ ಜಗಲಿ ಮೇಲೆ ಕೂತು ಪೇಪರ್ ಓದಿಕೊಂಡು ಇರುತ್ತಿದ್ದರು.

ಕ್ಲಿನಿಕ್ಕಿನವರು ನಿಮಗೆ 2013ರ ಅಮೆರಿಕದ ಟ್ಯಾಕ್ಟ್ ಅನ್ನೋ ಕೀಲೇಷನ್ ಅಧ್ಯಯನ ತೋರಿಸಬಹುದು. ನಮಗೂ ತೋರಿಸಿದ್ದರು. 1708 ಜನರಲ್ಲಿ ಸ್ವಲ್ಪ ಲಾಭ ಕಂಡಿದ್ದು ನಿಜ, ಸಾವು ಕಮ್ಮಿಯಾಗಿದ್ದು ಸಾಬೀತಾಗಲಿಲ್ಲ. ಕ್ರಿಯಾಟಿನಿನ್ 2 ದಾಟಿದವರನ್ನ, ಹಾರ್ಟ್ ಫೇಲ್ಯೂರಿನಿಂದ ಆಗಿನ್ನೂ ನರಳುತ್ತಿದ್ದವರನ್ನ ಅದಕ್ಕೆ ಸೇರಿಸಿಕೊಂಡೇ ಇರಲಿಲ್ಲ. ಕಿಡ್ನಿ ನೋಡಿ ಡೋಸ್ ಇಳಿಸುತ್ತಿದ್ದರು. ಅಂದರೆ ಅದರ ಫಲಿತಾಂಶ ನಮ್ಮಪ್ಪನಂಥವರಿಗೆ ಹಾಗೇ ಅನ್ವಯಿಸೋದಿಲ್ಲ. ಜಾಸ್ತಿ ಲಾಭ ಕಂಡಿದ್ದ ಸಕ್ಕರೆ ಕಾಯಿಲೆಯವರ ಮೇಲೆ ಮತ್ತೆ ಪರೀಕ್ಷೆ ಮಾಡಿ 2024ರಲ್ಲಿ ಪ್ರಕಟಿಸಿದರು. ಸಾವು, ಹಾರ್ಟ್ ಅಟ್ಯಾಕ್‌ನಂಥ ತೊಂದರೆಗೊಳಗಾದವರು ಡ್ರಿಪ್ ಕೊಟ್ಟ ಗುಂಪಿನಲ್ಲಿ 35.6 ಪರ್ಸೆಂಟ್, ಸುಮ್ನೆ ನೀರು ಕೊಟ್ಟ ಗುಂಪಿನಲ್ಲಿ 35.7. ಅಲ್ಲಿಗೆ ಮುಗಿಯಿತು ಅಲ್ವಾ?

ಅಮ್ಮನ ಮೂತ್ರದಲ್ಲಿ ಸೀಸ ಜಾಸ್ತಿ ಬಂತು ಅಂದಿದ್ದೀರಿ. ಕೀಲೇಷನ್ ಔಷಧಿ ಕೊಟ್ಟ ಮೇಲೆ ಹಿಡಿದ ಮೂತ್ರ ತಾನೇ? ಆ ಔಷಧಿ ಕೊಟ್ಟರೆ ಯಾರ ಮೂತ್ರದಲ್ಲಾದರೂ ಲೋಹ ಜಾಸ್ತಿ ಕಾಣುತ್ತೆ. ನಿಜವಾಗಿ ಸೀಸದ ಅನುಮಾನವಿದ್ದರೆ ರಕ್ತದಲ್ಲಿ ನೋಡಬೇಕು. ಸೀಸದ ವಿಷ ಏರಿದವರಿಗೆ, ಮತ್ತೆಮತ್ತೆ ರಕ್ತ ಹಾಕಿಸಿಕೊಂಡು ಕಬ್ಬಿಣ ತುಂಬಿದ ಥಲಸೇಮಿಯಾ ಮಕ್ಕಳಿಗೆ ಕೀಲೇಷನ್ ಜೀವ ಉಳಿಸುತ್ತೆ. ಅದರ ಬಗ್ಗೆ ನನ್ನ ತಕರಾರಿಲ್ಲ.

ಬೈಪಾಸ್ ಬೇಡ ಅಂದ ಡಾಕ್ಟರ ಹತ್ತಿರವೇ ವಾಪಸ್ ಹೋಗಿ. ಒಂದು ಬ್ಲಾಕಿಗಾದರೂ ಸ್ಟೆಂಟ್ ಆಗುತ್ತಾ, ಇಲ್ಲದಿದ್ದರೆ ಬರೀ ಮಾತ್ರೆಯಲ್ಲಿ ಎದೆನೋವು, ಏದುಸಿರು ಎಷ್ಟು ಹತೋಟಿಗೆ ಬರುತ್ತೆ ಅಂತ ಕೇಳಿ. ಇನ್ನೊಬ್ಬರ ಅಭಿಪ್ರಾಯ ಬೇಕಾದರೆ ಫೈಲ್ ತಗೊಂಡು ಬೆಂಗಳೂರು, ಮೈಸೂರು, ಕಲಬುರಗಿ ಯಾವುದು ಹತ್ತಿರವೋ ಅಲ್ಲಿನ ಜಯದೇವಕ್ಕೆ ಹೋಗಿ. ಕ್ಲಿನಿಕ್ಕಿಗೆ ಅಡ್ವಾನ್ಸ್ ಕಟ್ಟಿದ್ದರೆ ಹೋದರೆ ಹೋಗಲಿ.

ಈಗಾಗಲೇ ಒಂದೆರಡು ಡ್ರಿಪ್ ಆಗಿದ್ದರೆ ನಾಳೆ ಬೆಳಗ್ಗೆಯೇ ಕ್ರಿಯಾಟಿನಿನ್, ಕ್ಯಾಲ್ಸಿಯಂ, ಪೊಟ್ಯಾಸಿಯಂ ನೋಡಿಸಿ, ಇಸಿಜಿ ತೆಗೆಸಿ. ತುಟಿ ಜುಮ್ ಅಂದರೆ, ಬೆರಳು ಸೆಟೆದರೆ, ಉಸಿರು ಸಿಕ್ಕಿಕೊಂಡರೆ ಬೆಳಗಾಗೋವರೆಗೂ ಕಾಯಬೇಡಿ, ನೇರ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ. ಕೊಟ್ಟಿದ್ದು ಇಡಿಟಿಎ ಅಂತ ಅಲ್ಲಿ ಬಾಯಿ ಬಿಟ್ಟು ಹೇಳಿ. ಬಾಟಲಿಯ ಫೋಟೋ ಇದ್ದರೆ ತೋರಿಸಿ.