ಎಂಟು ಗಂಟೆ ಕಳೆದರೆ ಸಾಕೇ?

ಓದುಗ ಮಿತ್ರರೇ,

ರಾತ್ರಿ ಕುಡಿದು, ಎಂಟು ಗಂಟೆ ಬಿಟ್ಟು, ನಿಯಮದಂತೆಯೇ ಕೆಲಸಕ್ಕೆ ಬಂದ ಪೈಲಟ್ ಉಸಿರಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ಅವರನ್ನು ಶಿಕ್ಷಿಸುವುದು ಯಾವ ನ್ಯಾಯ ಎಂದು ಕೇಳಿದ್ದೀರಿ.

ನನ್ನ ಮಟ್ಟಿಗೆ ಅದು ನ್ಯಾಯವೇ. ನೀವು ಹೇಳುವ ಎಂಟು ಗಂಟೆ ಅಮೆರಿಕದ ನಿಯಮದ ಒಂದು ಭಾಗ ಮಾತ್ರ. ರಕ್ತದಲ್ಲಿ ಆಲ್ಕೋಹಾಲ್ ಶೇ 0.04 ಮುಟ್ಟಿರಬಾರದು ಎಂಬುದೂ ಅದರಲ್ಲಿದೆ. ಬ್ರಿಟನ್ನಿನ ಮಿತಿ ಅದರ ಅರ್ಧ: 100 ಮಿಲಿಲೀಟರ್ ರಕ್ತಕ್ಕೆ 20 ಮಿಲಿಗ್ರಾಂ. ಭಾರತದಲ್ಲಿ 12 ಗಂಟೆ ಬಿಡಬೇಕು, ಆಮೇಲೂ ಪರೀಕ್ಷೆಯಲ್ಲಿ ಸೊನ್ನೆಯೇ ಬರಬೇಕು.

ಒಂದು ಲೆಕ್ಕ ನೋಡಿ. 100 ಮಿಲಿಲೀಟರ್ ರಕ್ತದಲ್ಲಿರುವ ಆಲ್ಕೋಹಾಲನ್ನು ದೇಹ ಗಂಟೆಗೆ ಸರಿಸುಮಾರು 15 ಮಿಲಿಗ್ರಾಂನಂತೆ ಇಳಿಸುತ್ತದೆ. ಮಧ್ಯರಾತ್ರಿ 150 ಇದ್ದವರಿಗೆ ಬೆಳಿಗ್ಗೆ ಎಂಟಕ್ಕೆ ಇನ್ನೂ 30 ಉಳಿದಿರುತ್ತದೆ. ಗಂಟೆಯ ಲೆಕ್ಕ ತೀರಿತು, ಬ್ರಿಟನ್ನಿನ ಮಿತಿ ಮಾತ್ರ ಮೀರಿದೆ. ಕಾಫಿ ಕುಡಿದರೂ ತಣ್ಣೀರು ಸುರಿದುಕೊಂಡರೂ ಈ ವೇಗ ಹೆಚ್ಚುವುದಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಒಳಕಿವಿಯ ವಿಷಯ. ತಲೆ ತಿರುಗಿದ್ದನ್ನು ಮಿದುಳಿಗೆ ತಿಳಿಸುವ ನಾಳಗಳಲ್ಲಿ ಒಂದು ದ್ರವ, ಅದರೊಳಗೆ ಲೋಳೆಯಂಥ ಒಂದು ಪರದೆ ಇರುತ್ತವೆ. ಎರಡರ ಸಾಂದ್ರತೆಯೂ ಒಂದೇ ಇರಬೇಕು. ಕುಡಿದಾಗ ಆಲ್ಕೋಹಾಲ್ ಮೊದಲು ಪರದೆಗೆ ಸೇರಿ ಅದನ್ನು ಹಗುರಾಗಿಸುತ್ತದೆ, ಇಳಿಯುವಾಗಲೂ ಮೊದಲು ಪರದೆಯನ್ನೇ ಬಿಡುತ್ತದೆ. ಹಾಗಾಗಿ ಆಲ್ಕೋಹಾಲ್ ಇಳಿಯುವ ಹೊತ್ತಿನಲ್ಲಿ ತಲೆಸುತ್ತು ಮತ್ತೆ ಬರುತ್ತದೆ, ರಕ್ತ ಶುದ್ಧವಾದ ಮೇಲೂ ಕೆಲವು ಗಂಟೆ ಉಳಿಯಬಹುದು. ಹೊರಗೆ ಬರೀ ಮೋಡ, ದಿಗಂತವೇ ಕಾಣದು. ಅಂಥ ಹೊತ್ತಿನಲ್ಲಿ ವಿಮಾನ ವಾಲಿದೆ ಎಂದು ದೇಹ ಸುಳ್ಳು ಹೇಳಿದರೆ ಏನು ಗತಿ? ಹಿಂದೆ ಕೂತವರಿಗೆ ಇದು ತಿಳಿಯುವ ದಾರಿಯೇ ಇಲ್ಲ.

1990ರಲ್ಲಿ ಅಮೆರಿಕದ ಫಾರ್ಗೊದಿಂದ ಮಿನಿಯಾಪೊಲಿಸ್‌ಗೆ ನಾರ್ತ್‌ವೆಸ್ಟ್ ವಿಮಾನ ಹಾರಿಸಿದ ಮೂವರೂ ಹಿಂದಿನ ರಾತ್ರಿ ಕುಡಿದಿದ್ದರು. ವಿಮಾನ ಸುರಕ್ಷಿತವಾಗಿಯೇ ಇಳಿಯಿತು. ಆದರೂ ಮೂವರಿಗೂ ಜೈಲು ಶಿಕ್ಷೆಯಾಯಿತು, ಆಗಬೇಕಾದದ್ದೇ. ಅವರಲ್ಲಿ ಕ್ಯಾಪ್ಟನ್ ಮುಂದೆ ಕುಡಿತ ಬಿಟ್ಟು, ಪರವಾನಗಿಯನ್ನು ಮತ್ತೆ ಸಂಪಾದಿಸಿ, ಅದೇ ಕಂಪನಿಯ ವಿಮಾನಗಳನ್ನು ಹಾರಿಸಿದರು.

ನಿಮ್ಮ ಕನಿಕರ ಸಲ್ಲಬೇಕಾದ ಜಾಗವೂ ಅಲ್ಲೇ ಇದೆ. ಅಮೆರಿಕದಲ್ಲಿ 1970ರ ದಶಕದಿಂದಲೂ ಚಟಕ್ಕೆ ಸಿಲುಕಿದ ಪೈಲಟ್‌ಗಳಿಗೆ ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ನಿಗಾ ಇಟ್ಟು, ಕೆಲಸಕ್ಕೆ ಮರಳಿಸುವ ವ್ಯವಸ್ಥೆಯಿದೆ. ಸಿಕ್ಕಿಬೀಳುವ ಮೊದಲೇ ‘ನನಗೆ ನೆರವು ಬೇಕು’ ಎಂದು ಬಾಯಿಬಿಡುವ ಪೈಲಟ್‌ಗೆ ಕೆಲಸ ಹೋಗುವ ಭಯ ಇರಬಾರದು. ಅದಕ್ಕಾಗಿ ವಾದಿಸುವಿರಾದರೆ ನಾನೂ ನಿಮ್ಮ ಜೊತೆಗಿದ್ದೇನೆ.

— ಸಂಪಾದಕ