ದ್ರಾಕ್ಷಿ ತೋಟಕ್ಕೆ ಅತ್ತೆಯವರೂ ಬರಲಿ

ಪ್ರಶ್ನೆ: ನಮ್ಮ ಜಿಲ್ಲೆಯಲ್ಲೇ ವೈನ್ ತಯಾರಾಗುತ್ತದೆಂದು ಕೇಳಿ, ಹುಬ್ಬಳ್ಳಿಯಲ್ಲಿರುವ ಅಕ್ಕ ಭಾವ ಒಂದು ದಿನ ನೋಡಿ ಬರೋಣ ಎನ್ನುತ್ತಿದ್ದಾರೆ. ಮೇ ತಿಂಗಳ ರಜೆಯಲ್ಲಿ ಹೋಗಬಹುದೇ? ಅತ್ತೆಯವರಿಗೆ ಕುಡಿತವೆಂದರೆ ಆಗದು. ಅವರನ್ನು ಮನೆಯಲ್ಲಿ ಬಿಟ್ಟು ಹೋಗಲೂ ಮನಸ್ಸಿಲ್ಲ.
– ಒಬ್ಬ ಶಿಕ್ಷಕಿ, ಕೊಪ್ಪಳ

ಉತ್ತರ: ತಂಗೀ, ಮೇ ತಿಂಗಳು ಖಂಡಿತ ಬೇಡ. ಏಪ್ರಿಲ್ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಮುಗಿದ ತೋಟದಲ್ಲಿ ಆಗ ಕಾಣುವುದು ಚಿಗುರು ಮಾತ್ರ. ಹಣ್ಣು ಹಿಡಿಯುವುದು ಸೆಪ್ಟೆಂಬರ್–ಅಕ್ಟೋಬರ್ ಚಾಟ್ನಿಯ ಮೇಲೆ. ಕೊಯ್ಲು ಜನವರಿಯಿಂದ ಮಾರ್ಚ್‌ವರೆಗೆ. ತೋಟಗಾರಿಕೆ ಇಲಾಖೆಯಲ್ಲಿ ದುಡಿದವನಾಗಿ ಹೇಳುತ್ತೇನೆ, ಫೆಬ್ರುವರಿಯಲ್ಲಿ ಹೋಗಿ, ಬೆಳಗಿನ ತಂಪಿನಲ್ಲೇ ತೋಟ ಸೇರಿ.

ಕುಷ್ಟಗಿ ತಾಲ್ಲೂಕಿನ ಹನುಮನಾಳದ ಕಡೆ ಕೃಸ್ಮಾ ಎಸ್ಟೇಟ್ ಎಂಬ ವೈನ್ ದ್ರಾಕ್ಷಿ ತೋಟವಿದೆ. ಬಾಟಲಿಯ ಮೇಲೆ ಹಂಪಿ ಹಿಲ್ಸ್ ಎಂದಿದೆಯೆಂದು ಹಂಪಿಯ ದಾರಿ ಹಿಡಿಯಬೇಡಿ. ಅದು ಖಾಸಗಿ ತೋಟ. ಮೊದಲೇ ಫೋನ್ ಮಾಡಿ, ಒಪ್ಪಿಗೆ ಸಿಕ್ಕ ಮೇಲೆಯೇ ಹೊರಡಿ.

ಅಲ್ಲಿ ಕ್ಯಾಬರ್ನೆ ಸೊವಿನ್ಯೊನ್ ಎಂಬ ಕೆಂಪು ವೈನ್ ದ್ರಾಕ್ಷಿಯ ಗೊನೆಯೊಂದನ್ನು ಹತ್ತಿರದಿಂದ ನೋಡಿ. ಸಂತೆಯ ದ್ರಾಕ್ಷಿಗಿಂತ ಎಷ್ಟೋ ಸಣ್ಣ ಹಣ್ಣು, ದಪ್ಪ ಸಿಪ್ಪೆ, ಒಳಗೆ ಬೀಜ. ಹಿಸುಕಿದರೆ ಒಳಗಿನ ರಸಕ್ಕೆ ಬಣ್ಣವೇ ಇಲ್ಲ, ಕೆಂಪೆಲ್ಲ ಸಿಪ್ಪೆಯಲ್ಲಿದೆ! ಆದ್ದರಿಂದಲೇ ಕೆಂಪು ವೈನಿಗೆ ರಸವನ್ನು ಸಿಪ್ಪೆಯೊಂದಿಗೇ ಹುದುಗಿಸುತ್ತಾರೆ. ಬಿಳಿಯದಕ್ಕೆ ಮೊದಲು ಹಿಂಡಿ, ಸಿಪ್ಪೆ ಬೇರ್ಪಡಿಸಿ, ರಸವನ್ನಷ್ಟೇ ಹುದುಗಿಗೆ ಬಿಡುತ್ತಾರೆ. ಇದನ್ನು ಕಣ್ಣಾರೆ ನೋಡಿದವರಿಗೆ ಲೋಟದಲ್ಲಿರುವುದು ರೈತನ ಬೆಳೆ ಎಂಬುದು ಮನಸ್ಸಿನಲ್ಲಿ ಉಳಿಯುತ್ತದೆ. ಹಣ್ಣನ್ನು ಕೇಳದೆ ಬಾಯಿಗೆ ಹಾಕಬೇಡಿ. ಔಷಧ ಹೊಡೆದು ಎಷ್ಟು ದಿನವಾಯಿತೆಂದು ತೋಟದವರನ್ನು ವಿಚಾರಿಸಿ.

ಇನ್ನು ಅತ್ತೆಯವರ ವಿಷಯ. ಎಲ್ಲಿಗೆ ಹೊರಟಿದ್ದೀರೆಂದು ಅವರಿಂದ ಮುಚ್ಚಿಡಬೇಡಿ. ಅಲ್ಲಿಗೆ ಹೋದ ಮೇಲೆ ತಿಳಿದರೆ ಹಿರಿಯ ಜೀವಕ್ಕೆ ನೋವಾಗುತ್ತದೆ. ಹೊಲದ ಕೆಲಸ ಬಲ್ಲವರಾಗಿದ್ದರೆ ಹನಿ ನೀರಾವರಿ, ಗೊಬ್ಬರ, ಆಳಿನ ಕೂಲಿ ಎಂದು ನಿಮಗಿಂತ ಹೆಚ್ಚು ಪ್ರಶ್ನೆ ಕೇಳುವವರು ಅವರೇ. ಸಾಲುಗಳ ನಡುವೆ ಅವರನ್ನು ಅವರ ಪಾಡಿಗೆ ನಡೆದಾಡಲು ಬಿಡಿ. ಉಳಿದವರು ವೈನಿನ ರುಚಿ ನೋಡುವ ಹೊತ್ತಿಗೆ ಒಬ್ಬರು ಅವರ ಜೊತೆ ಹೊರಗೆ ನೆರಳಿನಲ್ಲಿ ಕುಳಿತುಕೊಳ್ಳಿ. ರೊಟ್ಟಿ ಬುತ್ತಿಯನ್ನು ಮಾತ್ರ ಅದಕ್ಕೂ ಮೊದಲೇ ಎಲ್ಲರೂ ಕೂಡಿ ಉಣ್ಣಿ, ಖಾಲಿ ಹೊಟ್ಟೆಯಲ್ಲಿ ವೈನ್ ಬೇಡ.

ಗಾಡಿ ಓಡಿಸುವವರು ಒಂದು ಗುಟುಕನ್ನೂ ಮುಟ್ಟಬಾರದು. 100 ಮಿಲಿಲೀಟರ್ ರಕ್ತದಲ್ಲಿ ಮದ್ಯಸಾರ 30 ಮಿಲಿಗ್ರಾಂ ಮೀರಿದರೆ ಅಪರಾಧ. ಮೊದಲ ಸಲವೇ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಭಾವನವರೂ ರುಚಿ ನೋಡುವುದಾದರೆ ಬಾಡಿಗೆ ಚಾಲಕನನ್ನು ಗೊತ್ತು ಮಾಡಿಕೊಳ್ಳಿ.

ಮರಳುವಾಗ ಯಲಬುರ್ಗಾ, ಕುಕನೂರು ದಾರಿ ಹಿಡಿದು ಇಟಗಿಯ ಮಹಾದೇವ ಗುಡಿಗೆ ಹೋಗಿ. 1112ರಲ್ಲಿ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ ಗುಡಿ ಅದು, ಶಾಸನವೇ ಅದನ್ನು ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ. ಅಲ್ಲಿ ಅತ್ತೆಯವರಿಗೆ ಸಾಕಷ್ಟು ಹೊತ್ತು ಕೊಡಿ. ಬಾಟಲಿ ಕೊಂಡಿದ್ದರೆ ಒದ್ದೆ ಬಟ್ಟೆ ಸುತ್ತಿ, ಕಾರನ್ನು ನೆರಳಿನಲ್ಲೇ ನಿಲ್ಲಿಸಿ. ಬಿಸಿಲಿಗೆ ಕಾದ ಕಾರಿನಲ್ಲಿ ವೈನ್ ಕೆಡುತ್ತದೆ.